ನಾಲ್ಕೇ ಚಲನೆ, ಏಳು ನಿಮಿಷದ ಕುಣಿತ

ಕಾಲೇಜ್ ಡೇ ಹತ್ತಿರ ಬಂತೆಂದರೆ ಶಿವಮೊಗ್ಗದಲ್ಲಿ ಡ್ಯಾನ್ಸ್ ಹೇಳಿಕೊಡುವ ನನ್ನಂಥವರಿಗೆ ಒಂದೇ ಥರದ ಫೋನ್ ಬರುತ್ತದೆ. "ಮೇಡಂ, ಹಾಡು ಫಿಕ್ಸ್ ಆಗಿದೆ. ಸ್ಟೆಪ್ಸ್ ಹಾಕಿಕೊಡ್ತೀರಾ?"

ಈ ಮಾತಿನೊಳಗೇ ಒಂದು ನಂಬಿಕೆ ಇದೆ. ಹಾಡಿನ ಒಂದೊಂದು ಸಾಲಿಗೂ ಒಂದೊಂದು ಹೊಸ ಸ್ಟೆಪ್ ಬೇಕು, ಸ್ಟೆಪ್ ಜಾಸ್ತಿ ಇದ್ದಷ್ಟೂ ನೃತ್ಯ ಚೆಂದ ಅನ್ನುವ ನಂಬಿಕೆ. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಒಂದು ಸಲ ನಾಲ್ಕೂವರೆ ನಿಮಿಷದ ಹಾಡಿಗೆ ನಾನು ಕೂರಿಸಿದ್ದ ಸ್ಟೆಪ್ಪುಗಳನ್ನು ಎಣಿಸಿ ನೋಡಿದೆ. 43 ಇದ್ದವು. ಮಕ್ಕಳು ಕಷ್ಟಪಟ್ಟು ಕಲಿತರು. ಚಪ್ಪಾಳೆಯೂ ಬಂತು. ಮಾರನೆಯ ದಿನ, ನೋಡಲು ಬಂದಿದ್ದ ನನ್ನ ಅಕ್ಕನನ್ನು ಕೇಳಿದೆ, "ಯಾವ ಭಾಗ ನೆನಪಲ್ಲಿ ಉಳೀತು?" ಅಕ್ಕ ತುಂಬ ಹೊತ್ತು ಯೋಚಿಸಿದಳು. ಒಂದೂ ಹೇಳಲು ಆಗಲಿಲ್ಲ.

ಒಂದು ಚಲನೆ ಕಣ್ಣಿಗೆ ಪರಿಚಯವಾಗುವ ಮೊದಲೇ ನಾನು ಅದನ್ನು ತೆಗೆದು ಇನ್ನೊಂದನ್ನು ಇಡುತ್ತಿದ್ದೆ. ನೋಡುವವರು ಯಾವುದನ್ನು ಹಿಡಿದುಕೊಳ್ಳಬೇಕು? ಆಮೇಲೆ ನಿಧಾನಕ್ಕೆ ಅರ್ಥವಾಯಿತು. ಸ್ಟೆಪ್ ಹುಡುಕುವುದು ಸಂಯೋಜನೆಯ ಸಣ್ಣ ಪಾಲು. ಸಿಕ್ಕಿದ ಸ್ಟೆಪ್ಪಿಗೆ ಏನೇನು ಮಾಡಬಹುದು ಅನ್ನುವುದರಲ್ಲೇ ಮುಕ್ಕಾಲು ಕೆಲಸ ಇದೆ. ಅದಕ್ಕೆ ಉಪಾಯಗಳಿವೆ, ಅವಕ್ಕೆ ಇಂಗ್ಲಿಷಿನ ಹೆಸರುಗಳೂ ಇವೆ. ಆದರೆ ಅವುಗಳಲ್ಲಿ ಬಹಳಷ್ಟನ್ನು ಮಲೆನಾಡಿನ ನಾವು ಅಂಗಳದಲ್ಲಿ, ಗೋಡೆಯ ಮೇಲೆ, ರಾತ್ರಿಯ ಆಟದಲ್ಲಿ ನೋಡುತ್ತಲೇ ಬೆಳೆದಿದ್ದೇವೆ.

ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ಹಿಟ್ಟಿನ ಬಿಳಿ. ಪುಂಡಿ ನಾರಿನ ಕುಂಚ. ಹತ್ತಿರ ಹೋಗಿ ನೋಡಿದರೆ ಸುಮ್ನೆ ಗೆರೆಗಳು. ಆ ಗೆರೆ ಕೂಡಿ ಒಂದು ಸಣ್ಣ ಆಕಾರ, ಆ ಆಕಾರ ಮತ್ತೆ ಮತ್ತೆ ಬಂದು, ತಿರುಗಿ, ಹಿಗ್ಗಿ, ಗೋಡೆ ತುಂಬುತ್ತದೆ. ಬರೆಯುವ ಹೆಣ್ಣುಮಗಳು ಮೊಳಕ್ಕೊಂದು ಹೊಸ ಚಿತ್ರ ಬರೆಯುವುದಿಲ್ಲ. ನೃತ್ಯದಲ್ಲಿ ಆ ಸಣ್ಣ ಆಕಾರಕ್ಕೆ ಮೋಟಿಫ್ ಅನ್ನುತ್ತಾರೆ. ನಾನು ಮಕ್ಕಳಿಗೆ ಹೇಳುವಾಗ ಬೀಜ ಅನ್ನುತ್ತೇನೆ.

ಕಳೆದ ವರ್ಷ ಎಂಟು ಹುಡುಗಿಯರ ಜೊತೆ ನಾನು ಆರಿಸಿಕೊಂಡ ಬೀಜ ಅಡಿಕೆ ಸುಲಿಯುವ ಕೈ. ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆ ಸಂಜೆಯಾದ ಮೇಲೆ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರಲ್ಲ, ಅದೇ. ಈಗ ಎಷ್ಟೋ ಕಡೆ ಸುಲಿಯುವ ಮಷಿನ್ ಬಂದಿದೆ. ಆದರೂ ಎಂಟು ಜನರಲ್ಲಿ ಐವರ ಮನೆಯಲ್ಲಿ ಮೆಟ್ಟುಗತ್ತಿ ಇತ್ತು. ಅವರಿಗೆ ನಾನೇನೂ ಕಲಿಸಬೇಕಾಗಲಿಲ್ಲ. ರಾಶಿಯಿಂದ ಎತ್ತುವುದು, ಕತ್ತಿಗೆ ಒತ್ತುವುದು, ತಿರುಚಿ ಸಿಪ್ಪೆ ಬಿಡಿಸುವುದು, ಸುಲಿದ ಅಡಿಕೆಯನ್ನು ಬುಟ್ಟಿಗೆ ಎಸೆಯುವುದು. ಎತ್ತು, ಒತ್ತು, ತಿರುಚು, ಎಸೆ. ಎಂಟು ಎಣಿಕೆಗೆ ಕೂರಿಸಿದೆವು. ಎತ್ತಲು 2, ಒತ್ತಲು 2, ತಿರುಚಲು 3, ಎಸೆಯಲು 1.

ಇದನ್ನೇ ಯಾಕೆ ಆರಿಸಿದೆ ಅಂದರೆ, ನಾಲ್ಕೂ ಒಂದರಂತೆ ಒಂದಿಲ್ಲ. ಮೊದಲನೆಯದು ಕೆಳಗೆ ಬಾಗುತ್ತದೆ. ಎರಡನೆಯದರಲ್ಲಿ ಬಲ ಇದೆ. ಮೂರನೆಯದರಲ್ಲಿ ತಿರುವು ಇದೆ. ನಾಲ್ಕನೆಯದು ಮೈಯಿಂದ ಹೊರಗೆ ಹೋಗುತ್ತದೆ, ಅದೂ ಒಂದೇ ಎಣಿಕೆಯಲ್ಲಿ. ಎಲ್ಲಕ್ಕೂ ಎರಡೆರಡು ಎಣಿಕೆ ಕೊಟ್ಟಿದ್ದರೆ ಡ್ರಿಲ್ ಆಗುತ್ತಿತ್ತು. ಬೀಜ ಚಿಕ್ಕದಿರಬೇಕು, ಒಳಗೇ ಏರಿಳಿತ ಇರಬೇಕು. ಇದಿಷ್ಟು ಇದ್ದರೆ ಮುಂದೆ ಬೆಳೆಸಬಹುದು.

ಬೆಳೆಸುವ ಮೊದಲ ಉಪಾಯ ಪುನರಾವರ್ತನೆ. ಇದನ್ನು ಕಂಡರೆ ಹೊಸಬರಿಗೆ ಭಯ. "ಮತ್ತೆ ಅದೇ ಮಾಡಿದ್ರೆ ಬೋರ್ ಆಗಲ್ವಾ?" ಅಂತ ಕೇಳುತ್ತಾರೆ. ಆಗುವುದಿಲ್ಲ. ಹಾಡಿನಲ್ಲಿ ಪಲ್ಲವಿ ತಿರುಗಿ ಬಂದಾಗ ಯಾರಿಗೂ ಬೋರ್ ಆಗುವುದಿಲ್ಲ, ಅಲ್ವಾ? ಮೊದಲ ಸಲ ಕಣ್ಣು ನೋಡುತ್ತದೆ, ಎರಡನೆಯ ಸಲ ಗುರುತು ಹಿಡಿಯುತ್ತದೆ, ಮೂರನೆಯ ಸಲ ಮುಂದೇನು ಬರುತ್ತದೆಂದು ಕಾಯುತ್ತದೆ. ಆ ಕಾಯುವಿಕೆ ಶುರುವಾದ ಮೇಲೆಯೇ ಸಂಯೋಜಕಿಯ ಕೈಗೆ ಏನಾದರೂ ಸಿಗುವುದು. ಕಾಯುತ್ತಿರುವವರಿಗೆ ಕಾಯುತ್ತಿದ್ದದ್ದನ್ನು ಕೊಡಬಹುದು, ತಡ ಮಾಡಿ ಕೊಡಬಹುದು, ಬೇರೆ ಏನನ್ನಾದರೂ ಕೊಡಬಹುದು.

ಬೇರೆ ಕೊಡುವುದಕ್ಕೆ ರೂಪಾಂತರ ಅನ್ನೋಣ. ಅದೇ ನಾಲ್ಕು ಚಲನೆಯನ್ನು ಕೈ ಬಿಟ್ಟು ಕಾಲಿನಲ್ಲಿ ಮಾಡಿ. ಪಾದದಿಂದ ಎತ್ತು, ಹಿಮ್ಮಡಿಯಿಂದ ಒತ್ತು, ಸೊಂಟ ತಿರುಚು, ಮೊಣಕಾಲು ಎಸೆ. ಕೂತು ಮಾಡಿದ್ದನ್ನು ನಿಂತು ಮಾಡಿ, ಹಾರಿ ಮಾಡಿ, ಮಲಗಿ ಮಾಡಿ. ಬೆರಳ ತುದಿಯಷ್ಟೇ ಚಿಕ್ಕದಾಗಿ ಮಾಡಿ, ಆಮೇಲೆ ಇಡೀ ವೇದಿಕೆ ಅಡ್ಡ ಓಡುವಷ್ಟು ದೊಡ್ಡದಾಗಿ ಮಾಡಿ. ಒಂದು ಮಧ್ಯಾಹ್ನದಲ್ಲಿ ಹುಡುಗಿಯರು ಮೂವತ್ತು ಬಗೆ ಕಂಡುಹಿಡಿದರು. ಹೊಸ ಸ್ಟೆಪ್ ಒಂದೂ ಇರಲಿಲ್ಲ.

ಕಾಲ, ಅಂದರೆ ವೇಗ, ಬದಲಿಸುವುದು ಭರತನಾಟ್ಯ ಕಲಿತವರಿಗೆ ಮೊದಲ ದಿನದಿಂದಲೇ ಗೊತ್ತು. ಪಾದ ತಟ್ಟುವ ಮೊದಲ ಪಾಠವಾದ ತಟ್ಟಡವನ್ನು ಒಂದನೇ ಕಾಲದಲ್ಲಿ ಎಣಿಕೆಗೆ ಒಂದು ತಟ್ಟು, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಕಲಿಯುವಾಗ ಅದನ್ನು ಅಭ್ಯಾಸ ಅಂದುಕೊಳ್ಳುತ್ತೇವೆ. ಅದು ಸಂಯೋಜನೆಯ ಸಾಧನ ಕೂಡ. ನಮ್ಮ 8 ಎಣಿಕೆಯ ಸುಲಿತವನ್ನು 16ಕ್ಕೆ ಎಳೆದಾಗ ಅದು ವಯಸ್ಸಾದ ಕೈಯಾಯಿತು. ರಾತ್ರಿ ಬಹಳ ಹೊತ್ತಾಗಿದೆ, ರಾಶಿ ಇನ್ನೂ ಉಳಿದಿದೆ ಅನ್ನುವ ದಣಿವು ತಾನಾಗಿಯೇ ಬಂತು. 4ಕ್ಕೆ ಇಳಿಸಿದಾಗ ಮಷಿನ್ ಆಯಿತು. ಮುಖದಲ್ಲಿ ಏನೂ ತೋರಿಸಬೇಡಿ ಎಂದಿದ್ದೆ. ಕಾಲವೇ ಎಲ್ಲ ಹೇಳಿತು.

ಆದರೆ ನಿಧಾನ ಮಾಡುವುದು ಬೇರೆ, ಮೆದು ಮಾಡುವುದು ಬೇರೆ. ಇಲ್ಲಿ ಬಹಳ ಜನ ಎಡವುತ್ತಾರೆ. ಇದನ್ನು ವಿವರಿಸಲು ನಾನು ಜೋಗಕ್ಕೆ ಕರೆದುಕೊಂಡು ಹೋಗುತ್ತೇನೆ, ನಿಜವಾಗಿಯೂ. ಶರಾವತಿ ಒಂದೇ, ಬಂಡೆ ಒಂದೇ, ಬೀಳುವ ಎತ್ತರ 253 ಮೀಟರ್. ಆದರೆ ರಾಜಾ ಒಂದೇ ಧಾರೆಯಾಗಿ ನೇರ ಬೀಳುತ್ತಾನೆ. ರೋರರ್ ಬಂಡೆಗೆ ಬಡಿದು ಅಬ್ಬರಿಸುತ್ತಾ ಇಳಿಯುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಬರುತ್ತದೆ. ರಾಣಿ ಕಲ್ಲಿನ ಮೇಲೆ ನೊರೆ ಹರಡಿಕೊಂಡು ಜಾರುತ್ತಾಳೆ. ನಾಲ್ಕೂ ಕಡೆ ನಡೆಯುವುದು ನೀರು ಬೀಳುವುದೇ. ಬೀಳುವ ಗುಣ ಬೇರೆ. ಚಲನೆಯ ಈ ಗುಣವನ್ನು ಕೂಲಂಕಷವಾಗಿ ವಿಂಗಡಿಸಿದವನು ಯುರೋಪಿನ ನೃತ್ಯ ಚಿಂತಕ ರುಡಾಲ್ಫ್ ಲಾಬಾನ್ (1879-1958). ಭಾರ, ಕಾಲ, ಜಾಗ, ಹರಿವು ಎಂಬ ನಾಲ್ಕನ್ನು ನೋಡಿ ಅಂದ. ಭಾರ ಹಾಕುತ್ತೀರಾ, ಹಗುರ ಬಿಡುತ್ತೀರಾ? ತಟ್ಟನೆಯಾ, ತಡೆದು ತಡೆದಾ? ನೇರವಾ, ಸುತ್ತಿ ಬಳಸಿಯಾ? ಹಿಡಿದಿಟ್ಟುಕೊಂಡಾ, ಹರಿಯಬಿಟ್ಟಾ? ನಮ್ಮ ಹುಡುಗಿಯರು "ಒತ್ತು" ಅನ್ನು ಮೊದಲು ರಾಜಾನ ಹಾಗೆ, ಆಮೇಲೆ ರಾಣಿಯ ಹಾಗೆ ಮಾಡಿದರು. ಒಂದು ಕೆಲಸವಾಗಿ ಕಂಡಿತು, ಇನ್ನೊಂದು ಮಗುವಿನ ಬೆನ್ನು ನೇವರಿಸಿದಂತೆ ಕಂಡಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಹಿಮ್ಮುಖ ಮಾಡುವುದು. ರೆಟ್ರೋಗ್ರೇಡ್ ಅನ್ನುತ್ತಾರೆ. ವಿಡಿಯೋ ಹಿಂದಕ್ಕೆ ಓಡಿಸಿದ ಹಾಗೆ ಕೊನೆಯಿಂದ ಮೊದಲಿಗೆ ಬರುವುದು. ಜಡೆ ಕೋಲಾಟ ನೋಡಿದವರಿಗೆ ಇದು ಹೊಸದಲ್ಲ. ಮೇಲಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಂದು ಕೈಯಲ್ಲಿ ಹಿಡಿದು, ಒಬ್ಬರ ಒಳಗೆ ಒಬ್ಬರ ಹೊರಗೆ ಸುತ್ತುತ್ತಾ ಜಡೆ ಹೆಣೆಯುತ್ತಾರೆ. ಆಮೇಲೆ ಅದನ್ನು ಬಿಚ್ಚಬೇಕು. ಬಿಚ್ಚಲು ಬೇರೆ ದಾರಿಯೇ ಇಲ್ಲ. ಬಂದ ಹೆಜ್ಜೆಯನ್ನೇ ಉಲ್ಟಾ ತುಳಿಯಬೇಕು. ಒಬ್ಬರು ತಪ್ಪಿದರೂ ಹಗ್ಗ ಗಂಟಾಗಿ ಎಲ್ಲರಿಗೂ ಕಾಣುತ್ತದೆ. ಸಂಯೋಜನೆಯ ತರಗತಿಯಲ್ಲಿ ಕಾಗದದ ಮೇಲೆ ಬರೆದು ಕಲಿಸುವುದನ್ನು ನಮ್ಮ ಹಳ್ಳಿಗಳಲ್ಲಿ ಹಗ್ಗವೇ ಕಲಿಸುತ್ತದೆ.

ನಮ್ಮ ಸುಲಿತವನ್ನು ಹಿಮ್ಮುಖ ಮಾಡಿದೆವು. ಗಾಳಿಯಿಂದ ಅಡಿಕೆ ಕೈಗೆ ಬಂತು. ತಿರುಚಿದ್ದು ಬಿಚ್ಚಿಕೊಂಡು ಸಿಪ್ಪೆ ಮುಚ್ಚಿತು. ಕತ್ತಿಯಿಂದ ಕೈ ಬಿಡಿಸಿಕೊಂಡಿತು. ರಾಶಿಯ ಮೇಲೆ ಮೆತ್ತಗೆ ಇಟ್ಟಿತು. ಒಬ್ಬ ಹುಡುಗಿ, "ಮಿಸ್, ಮರಕ್ಕೆ ವಾಪಸ್ ಕೊಡ್ತಾ ಇದೀವಿ" ಅಂದಳು. ನಾನು ಅದುವರೆಗೆ ಆ ಅರ್ಥ ಯೋಚಿಸಿರಲಿಲ್ಲ. ಉಪಾಯಗಳ ಬಗ್ಗೆ ನನಗೆ ಇರುವ ಗೌರವಕ್ಕೆ ಇದೇ ಕಾರಣ. ಲೆಕ್ಕಕ್ಕೆಂದು ಮಾಡಿದ್ದು ಕೆಲವೊಮ್ಮೆ ನಮಗೆ ಗೊತ್ತಿಲ್ಲದ್ದನ್ನು ಹೇಳಿಬಿಡುತ್ತದೆ.

ಒಡೆದು ಬಳಸುವುದೂ ಒಂದು ಉಪಾಯ. ನಾಲ್ಕರಲ್ಲಿ "ತಿರುಚು" ಒಂದನ್ನೇ ಇಟ್ಟುಕೊಂಡು ಒಂದು ನಿಮಿಷ ಕುಣಿದೆವು. ಅಷ್ಟೇ.

ಇಷ್ಟೂ ಒಬ್ಬಳೇ ಕುಣಿಯುವಾಗಲೂ ಸಾಧ್ಯ. ಎಂಟು ಜನ ಇದ್ದಾಗ ಇನ್ನೊಂದು ಲೋಕ ತೆರೆದುಕೊಳ್ಳುತ್ತದೆ.

ಎಲ್ಲರೂ ಒಂದೇ ಚಲನೆಯನ್ನು ಒಂದೇ ಹೊತ್ತಿಗೆ ಮಾಡಿದರೆ ಯೂನಿಸನ್. ಡೊಳ್ಳು ಕುಣಿತದಲ್ಲಿ ಅಷ್ಟೂ ಡೊಳ್ಳಿಗೆ ಒಂದೇ ಪೆಟ್ಟು ಬಿದ್ದಾಗ ಎದೆ ನಡುಗುತ್ತದಲ್ಲ, ಅದರ ಬಲ ಅದು. ಆದರೆ ಒಳ್ಳೆಯ ಡೊಳ್ಳಿನ ತಂಡ ಅದನ್ನೇ ಕೊನೆವರೆಗೆ ಎಳೆಯುವುದಿಲ್ಲ. ಸುತ್ತು ಒಡೆಯುತ್ತಾರೆ, ಎದುರುಬದುರಾಗುತ್ತಾರೆ, ಒಬ್ಬರು ಬಾರಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರೆ, ಆಮೇಲೆ ಮತ್ತೆ ಸೇರುತ್ತಾರೆ. ಮತ್ತೆ ಸೇರಿದಾಗಲೇ ಆ ಪೆಟ್ಟಿಗೆ ಬೆಲೆ. ನಮ್ಮ ಸ್ಟೇಜ್ ನೃತ್ಯಗಳಲ್ಲಿ ಮೊದಲಿನಿಂದ ಕೊನೆವರೆಗೆ ಎಲ್ಲರೂ ಸಿಂಕ್‌ನಲ್ಲೇ ಇರಬೇಕು ಅನ್ನುವ ಹಟ ಇದೆ. ಅದು ಬೇಡ ಅಂತ ನನಗೆ ಅನಿಸುತ್ತದೆ. ಎಲ್ಲರೂ ಯಾವಾಗಲೂ ಒಟ್ಟಿಗೇ ಇದ್ದರೆ ಒಟ್ಟಿಗೆ ಬರುವ ಕ್ಷಣವೇ ಇರುವುದಿಲ್ಲ.

ಒಟ್ಟಿಗೆ ಇರದಿರುವ ಬಗೆಗಳಲ್ಲಿ ಕ್ಯಾನನ್ ಮುಖ್ಯ. ಒಂದೇ ಚಲನೆಯನ್ನು ಒಬ್ಬರ ಹಿಂದೆ ಒಬ್ಬರು ಶುರು ಮಾಡುವುದು. ಗದ್ದೆಯ ಮೇಲೆ ಗಾಳಿ ಬೀಸಿದಾಗ ಪೈರು ಸಾಲು ಸಾಲಾಗಿ ಬಾಗುತ್ತದಲ್ಲ, ಹಾಗೆ. ಇದರ ಲೆಕ್ಕ ಒಮ್ಮೆ ಕೂತು ಮಾಡಿದರೆ ಎಂದೂ ಮರೆಯುವುದಿಲ್ಲ. ನಮ್ಮ ಎಂಟು ಜನರನ್ನು ನಾಲ್ಕು ಜೋಡಿ ಮಾಡಿದೆ. ಸುಲಿತ 8 ಎಣಿಕೆ. ಒಂದೊಂದು ಜೋಡಿ ಎರಡು ಎಣಿಕೆ ತಡವಾಗಿ ಹೊರಡಬೇಕು. ಅಂದರೆ 1, 3, 5, 7ರಲ್ಲಿ ಶುರು. ಮುಗಿಯುವುದು 8, 10, 12, 14ರಲ್ಲಿ. ಆದಿತಾಳದ ಒಂದು ಸುತ್ತು, ಅಂದರೆ ಒಂದು ಆವರ್ತ, 8 ಎಣಿಕೆ. ಎರಡು ಆವರ್ತ 16 ಎಣಿಕೆ. ಉಳಿದ ಎರಡು ಎಣಿಕೆ ಎಲ್ಲರೂ ಕದಲದೆ ನಿಲ್ಲುವುದು. ಈಗ 8ನೇ ಎಣಿಕೆಯಲ್ಲಿ ವೇದಿಕೆಯನ್ನು ನೋಡಿ. ಮೊದಲ ಜೋಡಿ ಎಸೆಯುತ್ತಿದೆ. ಎರಡನೆಯದು ತಿರುಚುತ್ತಿದೆ. ಮೂರನೆಯದು ಒತ್ತುತ್ತಿದೆ. ನಾಲ್ಕನೆಯದು ಎತ್ತುತ್ತಿದೆ. ಇಡೀ ಜಗಲಿ ಒಂದೇ ನೋಟದಲ್ಲಿ ಸಿಕ್ಕಿತು! ನಿಜವಾದ ಜಗಲಿಯಲ್ಲೂ ಯಾರೂ ಒಟ್ಟಿಗೆ ಸುಲಿಯುವುದಿಲ್ಲ, ಅಲ್ವಾ? ಒಬ್ಬರ ಕೈ ಎತ್ತುವಾಗ ಇನ್ನೊಬ್ಬರದು ಎಸೆಯುತ್ತಿರುತ್ತದೆ. ಈ ಎರಡು ಆವರ್ತಕ್ಕೆ ನಾವು ಒಂದು ವಾರ ಕೊಟ್ಟೆವು. ಪಕ್ಕದವಳನ್ನು ನೋಡಿ ಮಾಡುವ ಅಭ್ಯಾಸ ಇದ್ದ ಮಕ್ಕಳಿಗೆ ಪಕ್ಕದವಳು ಬೇರೆ ಮಾಡುತ್ತಿರುವಾಗ ತನ್ನದನ್ನು ಹಿಡಿದುಕೊಳ್ಳುವುದು ಬಹಳ ಕಷ್ಟ.

ಇನ್ನೊಂದು, ಕೂಡಿಸುತ್ತಾ ಹೋಗುವುದು. ಅಮೆರಿಕದ ಟ್ರಿಷಾ ಬ್ರೌನ್ 1971ರಲ್ಲಿ ಈ ಒಂದೇ ಉಪಾಯದ ಮೇಲೆ ಇಡೀ ನೃತ್ಯ ಕಟ್ಟಿದಳು. ಮೊದಲನೆಯ ಚಲನೆ. ಆಮೇಲೆ ಮೊದಲನೆಯದು ಮತ್ತು ಎರಡನೆಯದು. ಆಮೇಲೆ ಮೊದಲನೆಯದು, ಎರಡನೆಯದು, ಮೂರನೆಯದು. ಹೆಚ್ಚುಕಮ್ಮಿ ನಿಂತಲ್ಲೇ ನಿಂತು, ಹೆಬ್ಬೆರಳು ತಿರುಗಿಸುವಷ್ಟು ಸಣ್ಣದರಿಂದ ಆರಂಭ. ನಮ್ಮ ತಾಳಶಾಸ್ತ್ರದಲ್ಲಿ ಇದರ ಅಕ್ಕತಂಗಿಯರಿದ್ದಾರೆ. ಸ್ರೋತೋವಹ ಯತಿ ಅಂದರೆ ನದಿಯ ಹಾಗೆ ಹಿಗ್ಗುತ್ತಾ ಹೋಗುವುದು. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಸಣ್ಣ ನೀರಾಗಿ ಹುಟ್ಟಿ ಜೋಗಕ್ಕೆ ಬರುವಷ್ಟರಲ್ಲಿ ಹಿಗ್ಗುವ ಶರಾವತಿಯನ್ನು ನೆನೆಸಿಕೊಂಡರೆ ಸಾಕು. ಗೋಪುಚ್ಛ ಯತಿ ಅದರ ಉಲ್ಟಾ, ಹಸುವಿನ ಬಾಲದಂತೆ ಸಣ್ಣದಾಗುತ್ತಾ ಹೋಗುವುದು. ತದಿಗಿಣತೊಂ, ದಿಗಿಣತೊಂ, ಗಿಣತೊಂ, ಣತೊಂ, ತೊಂ. ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. 5, 4, 3, 2, 1. ಒಟ್ಟು 15. ಒಂದು ಮಾತ್ರೆ, ಅಂದರೆ ಒಂದು ಅಕ್ಷರದಷ್ಟು ಹೊತ್ತು, ಮೌನ ಸೇರಿಸಿದರೆ 16.

ನಮ್ಮ ಸುಲಿತವನ್ನು ಹೀಗೆ ಕೂಡಿಸಿದಾಗ 2, 4, 7, 8, ಒಟ್ಟು 21 ಎಣಿಕೆ ಬಂತು. ಮೂರು ಆವರ್ತಕ್ಕೆ 24 ಬೇಕು, ಮೂರು ಕಮ್ಮಿ. ಆ ಮೂರನ್ನು ಎಲ್ಲಿ ಇಡುವುದು? ಕೊನೆಗೆ ಇಟ್ಟರೆ ಸುಮ್ನೆ ತುಂಬಿಸಿದಂತೆ ಕಾಣುತ್ತಿತ್ತು. ನಾವು ಕೊನೆಯ ಎಸೆತದ ಮುಂಚೆ ಇಟ್ಟೆವು. ಎಸೆತ ಕಾಣುವುದೇ ಕಟ್ಟಕಡೆಗೆ, ಅದಕ್ಕೂ ಮೊದಲು ಮೂರು ಎಣಿಕೆ ಎಂಟೂ ಕೈ ಗಾಳಿಯಲ್ಲಿ ನಿಂತಿರುತ್ತವೆ. 24ನೇ ಎಣಿಕೆಗೆ ಎಸೆತ.

ಈ ಲೆಕ್ಕದ ರುಚಿ ಹತ್ತಿದವರು ಮುಕ್ತಾಯ ಕಟ್ಟಿ ನೋಡಬೇಕು. ಒಂದೇ ಸಾಲನ್ನು ಮೂರು ಸಲ ಹೇಳಿ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬರುವುದು. ಎಣಿಕೆಗೆ ನಾಲ್ಕು ಮಾತ್ರೆಯಂತೆ ಆದಿತಾಳದ ಒಂದು ಆವರ್ತ 32 ಮಾತ್ರೆ. ತದಿಗಿಣತೊಂ ಎರಡು ಸಲ ಹೇಳಿದರೆ 10. ಮೂರು ಹತ್ತು ಮೂವತ್ತು, ನಡುವೆ ಎರಡು ಕಡೆ ಒಂದೊಂದು ಮಾತ್ರೆ ಬಿಡುವು. 32 ಆಯಿತು, ಕಾಲು ಸಮದ ಮೇಲೆ. ನೋಡುವವರಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ. ಮೂರನೆಯ ಸಲಕ್ಕೆ ಅವರ ತಲೆ ತಾನಾಗಿ ಆಡುತ್ತದೆ.

ಹೆಜ್ಜೆ ಬಿಟ್ಟು ಅಭಿನಯಕ್ಕೆ ಬಂದರೂ ಉಪಾಯ ಅದೇ. ಭರತನಾಟ್ಯದ ದೊಡ್ಡ ಕೃತಿಯಾದ ವರ್ಣದಲ್ಲಿ ಸಾಹಿತ್ಯದ ಒಂದೇ ಸಾಲನ್ನು ಹಾಡುವವರು ಮತ್ತೆ ಮತ್ತೆ ಹಾಡುತ್ತಾರೆ. ನರ್ತಕಿ ಮೊದಲ ಸಲ ಮಾತಿನ ಅರ್ಥ ಹಿಡಿಯುತ್ತಾಳೆ. ಆಮೇಲೆ ಅದೇ ಸಾಲಿಗೆ ಬೇರೆ ಹೋಲಿಕೆ, ಬೇರೆ ನೆನಪು, ಒಂದು ಸಣ್ಣ ಕತೆ. ಸಂಚಾರಿ ಅನ್ನುವುದು ಇದಕ್ಕೇ. ಸಾಲು ಕದಲುವುದಿಲ್ಲ, ಅರ್ಥ ನಡೆಯುತ್ತದೆ.

ಆಕಸ್ಮಿಕವನ್ನೂ ಸಾಧನ ಮಾಡಿಕೊಂಡವರಿದ್ದಾರೆ. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ 1950ರ ದಶಕದ ಆರಂಭದಿಂದ ನಾಣ್ಯ ಚಿಮ್ಮಿ ಚಲನೆಗಳ ಕ್ರಮ ನಿರ್ಧರಿಸುತ್ತಿದ್ದ. ನಾವು ಚೌಕಾಬಾರದ ಕವಡೆ ಹಾಕಿದೆವು. ಬಂದದ್ದರಲ್ಲಿ ಬಹಳಷ್ಟು ಕೂಡಿಬರಲಿಲ್ಲ. ಆದರೆ "ಎಸೆ, ಎಸೆ, ಎತ್ತು" ಎಂಬ ಒಂದು ಕ್ರಮ ಬಂತು. ನಾನಾಗಿ ಎಂದೂ ಬರೆಯುತ್ತಿರಲಿಲ್ಲ. ಅದನ್ನು ಉಳಿಸಿಕೊಂಡೆವು.

ಇನ್ನು ತೋರಿಸದೆ ಇರುವುದು. ಯಕ್ಷಗಾನದ ಬಣ್ಣದ ವೇಷದ ತೆರೆ ಒಡ್ಡೋಲಗ ನನಗೆ ಈ ವಿಷಯದಲ್ಲಿ ಗುರು. ಇಬ್ಬರು ತೆರೆ ಹಿಡಿದಿರುತ್ತಾರೆ. ಚಂಡೆ ಏರುತ್ತಿರುತ್ತದೆ. ರಾಕ್ಷಸ ತೆರೆಯ ಹಿಂದೆ ಬಂದಿದ್ದಾನೆಂದು ಎಲ್ಲರಿಗೂ ಗೊತ್ತು. ಆದರೆ ಅವನು ಕಾಣುವುದು ಚೂರು ಚೂರೇ. ಕಿರೀಟದ ತುದಿ, ತೆರೆ ಹಿಡಿದ ಬೆರಳು, ತಿರುಗಿಸಿದ ಬೆನ್ನು. ಮುಖ ಸಿಗುವ ಹೊತ್ತಿಗೆ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂತಿರುತ್ತಾರೆ. ಚಿಕ್ಕಂದಿನಲ್ಲಿ ಅಮ್ಮನ ಸೆರಗಿನ ಹಿಂದೆ ಕೂತು ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಅಡಿಕೆ ನೃತ್ಯದಲ್ಲೂ ಮೊದಲ ಒಂದು ನಿಮಿಷ ಎಂಟು ಜನ ಪ್ರೇಕ್ಷಕರಿಗೆ ಬೆನ್ನು ಹಾಕಿ ಕೂತಿದ್ದರು. ಭುಜ ಮತ್ತು ಮೊಣಕೈ ಮಾತ್ರ ಆಡುತ್ತಿದ್ದವು. ಏನು ಮಾಡುತ್ತಿದ್ದಾರೆ ಅನ್ನುವ ಪ್ರಶ್ನೆ ಹುಟ್ಟಿದ ಮೇಲೆ ತಿರುಗಿದರು.

ಇಷ್ಟೆಲ್ಲ ಉಪಾಯ ಕೈಗೆ ಬಂದ ಮೇಲೆ ಎಲ್ಲವನ್ನೂ ಒಂದರಲ್ಲೇ ತುರುಕುವ ಆಸೆ ಬರುತ್ತದೆ. ನಮ್ಮ ಮೊದಲ ಪ್ರಯತ್ನ ಹನ್ನೊಂದು ನಿಮಿಷ ಇತ್ತು. ಅಭ್ಯಾಸ ನೋಡಲು ಬಂದ ಅಕ್ಕ ಆರನೇ ನಿಮಿಷಕ್ಕೆ ಕಿಟಕಿಯ ಕಡೆ ನೋಡಿದ್ದನ್ನು ಗಮನಿಸಿದೆ. ಅಲ್ಲಿದ್ದ ಭಾಗವನ್ನು ತೆಗೆದೆ, ಅದು ನನಗೆ ಬಹಳ ಇಷ್ಟವಿದ್ದರೂ. ಆಮೇಲೆ ಇನ್ನೆರಡು ಕಡೆ ಕತ್ತರಿಸಿ ಏಳು ನಿಮಿಷಕ್ಕೆ ತಂದೆವು. ಪ್ರದರ್ಶನ ಮುಗಿದ ಮೇಲೆ ಅಕ್ಕನನ್ನು ಅದೇ ಹಳೆಯ ಪ್ರಶ್ನೆ ಕೇಳಿದೆ. ಅವಳು ಬಾಯಲ್ಲಿ ಹೇಳಲಿಲ್ಲ. ಕೈ ಎತ್ತಿ ಮಾಡಿ ತೋರಿಸಿದಳು, ಎತ್ತು, ಒತ್ತು, ತಿರುಚು, ಎಸೆ.

ಈ ವರ್ಷ ನಾಟಿ ಹಿಡಿದುಕೊಂಡಿದ್ದೇವೆ. ಕಟ್ಟಿನಿಂದ ಸಸಿ ಬಿಡಿಸುವುದು, ಬಗ್ಗುವುದು, ಕೆಸರಿಗೆ ಊರುವುದು, ಒಂದು ಹೆಜ್ಜೆ ಹಿಂದಕ್ಕೆ. ನಾಟಿ ಮಾಡುವವರು ಹಿಂದೆ ಹಿಂದೆ ಹೋಗುತ್ತಾರೆ, ನೆಟ್ಟದ್ದು ಕಣ್ಣ ಮುಂದೆ ಬೆಳೆಯುತ್ತಾ ಹೋಗುತ್ತದೆ. ಹಾಗಾದರೆ ಇದನ್ನು ಹಿಮ್ಮುಖ ಮಾಡಿದಾಗ ನಾವು ಮುಂದಕ್ಕೆ ನಡೆಯುತ್ತೇವೆ, ಗದ್ದೆ ಬರಿದಾಗುತ್ತಾ ಬರುತ್ತದೆ. ಅದನ್ನು ಎಲ್ಲಿ ಇಡಬೇಕು ಅಂತ ಹುಡುಗಿಯರು ಇನ್ನೂ ವಾದ ಮಾಡುತ್ತಿದ್ದಾರೆ.